ನಾರ್ವೆಯ ಸೇಬಿನ ತೋಟದ ಮನೆಗೆ ಕರೆದಿದ್ದಾರೆ, ಯಾವಾಗ ಹೋಗೋಣ?

ಪ್ರಶ್ನೆ: ನಮ್ಮ ಮಗಳು ನಾರ್ವೆಯ ಬರ್ಗೆನ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಆಫೀಸಿನ ಗೆಳತಿಯ ಅಪ್ಪ-ಅಮ್ಮನಿಗೆ ಹಾರ್ಡಾಂಗರ್ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ) ದಂಡೆಯಲ್ಲಿ, ಲೋಫ್ಟ್‌ಹೂಸ್ ಅನ್ನುವ ಊರಿನ ಹತ್ತಿರ ಸೇಬಿನ ತೋಟ ಇದೆಯಂತೆ. "ನಿಮ್ಮವರು ಬಂದಾಗ ನಾಲ್ಕು ದಿನ ನಮ್ಮಲ್ಲೇ ಇರಲಿ" ಅಂದಿದ್ದಾರೆ. ನನಗೆ 61, ನಮ್ಮ ಯಜಮಾನರಿಗೆ 67. ಅವರಿಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಮೇ ತಿಂಗಳಲ್ಲಿ ಹೂ ನೋಡೋಕೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಯಾವಾಗ ಹೋದರೆ ಒಳ್ಳೆಯದು? ಕೈಯಲ್ಲಿ ಏನು ಹಿಡಿದು ಹೋಗೋದು? ನಾಲ್ಕು ದಿನ ಅಲ್ಲಿ ಏನು ಮಾಡೋದು? ದುಡ್ಡು ಕೊಡಬೇಕಾ?
– ದಾವಣಗೆರೆಯ ಓದುಗರು

ಉತ್ತರ: ಮೇ ತಿಂಗಳು ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ಸೆಪ್ಟೆಂಬರ್ ಕೊನೆಯ ವಾರಕ್ಕೆ ಇಟ್ಟುಕೊಳ್ಳಿ.

ಮೇನಲ್ಲಿ ಹೂ ಚೆನ್ನಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಎದುರು ದಂಡೆಯ ಬೆಟ್ಟದ ನೆತ್ತಿಯಲ್ಲಿ ಫೋಲ್ಗೆಫೋನ್ನಾ ಹಿಮರಾಶಿ, ಕೆಳಗೆ ನೀರು, ಈಚೆ ದಂಡೆಯಲ್ಲಿ ಬಿಳಿ ಹೂ ತುಂಬಿದ ಇಳಿಜಾರು. ಫೋಟೋದಲ್ಲಿ ನೋಡಿದ್ದು ಸುಳ್ಳಲ್ಲ. ಆದರೆ ಸೇಬಿನ ಹೂ ನಿಲ್ಲುವುದೇ ಒಂದೆರಡು ವಾರ. ಯಾವ ವಾರ ಅನ್ನುವುದು ಆ ವರ್ಷದ ಚಳಿಯ ಕೈಯಲ್ಲಿದೆ. ನೀವು ತಿಂಗಳುಗಟ್ಟಲೆ ಮೊದಲೇ ವೀಸಾ, ಟಿಕೆಟ್ ಮಾಡಿಸಬೇಕು. ಹೂವಿಗೆ ನಿಮ್ಮ ಟಿಕೆಟ್ ಗೊತ್ತಿರುವುದಿಲ್ಲ. ಇನ್ನೊಂದು ವಿಷಯ ಏನೆಂದರೆ, ಹೂವಿನ ಹೊತ್ತಿನಲ್ಲಿ ತೋಟದವರಿಗೆ ನೆಮ್ಮದಿ ಇರುವುದಿಲ್ಲ. ಒಂದು ರಾತ್ರಿ ಹಿಮ ಬಿದ್ದರೆ ವರ್ಷದ ಬೆಳೆಗೆ ಏಟು. ಜೇನುಪೆಟ್ಟಿಗೆ ತಂದು ಇಟ್ಟಿರುತ್ತಾರೆ. ಚಳಿ ಇದ್ದರೆ, ಮಳೆ ಹಿಡಿದರೆ ಹುಳ ಹೊರಗೆ ಬರುವುದಿಲ್ಲ. ಅವರ ಕಣ್ಣು ದಿನವಿಡೀ ಆಕಾಶದ ಮೇಲೆ. ಅದೇ ಸಮಯಕ್ಕೆ ಆ ಸಣ್ಣ ರಸ್ತೆಯಲ್ಲಿ ಪ್ರವಾಸಿ ಬಸ್ಸುಗಳ ಸಾಲು.

ಸೆಪ್ಟೆಂಬರ್‌ನಲ್ಲಿ ಲೆಕ್ಕವೇ ಬೇರೆ. ಡಿಸ್ಕವರಿ ಜಾತಿಯ ಸೇಬು ಆಗಲೇ ಇಳಿದಿರುತ್ತದೆ. ಸಮ್ಮರ್‌ರೆಡ್ ಮುಗಿಯುತ್ತಾ ಬಂದಿರುತ್ತದೆ. ತಿಂಗಳ ಕೊನೆಗೆ ಅರೋಮಾ ಶುರು. ಮನೆಯವರೆಲ್ಲ ತೋಟದಲ್ಲೇ ಇರುತ್ತಾರೆ. ಊರು ಬಿಟ್ಟುಹೋದ ಮಕ್ಕಳೂ ವಾರಾಂತ್ಯಕ್ಕೆ ಕೈಜೋಡಿಸಲು ಬರುತ್ತಾರೆ. ಪೋಲೆಂಡ್, ಲಿಥುವೇನಿಯಾ ಕಡೆಯಿಂದ ಬಂದ ಕೆಲಸಗಾರರೂ ಇರಬಹುದು. ಮಾಡೋಕೆ ಕೆಲಸ ಇರುತ್ತದೆ, ತಿನ್ನೋಕೆ ಹಣ್ಣು ಇರುತ್ತದೆ, ಮಾತಾಡೋಕೆ ವಿಷಯ ಇರುತ್ತದೆ. ಸುಮ್ನೆ ಸೋಫಾ ಮೇಲೆ ಕೂತು ಒಬ್ಬರನ್ನೊಬ್ಬರು ನೋಡಿ ನಗುವ ಕಷ್ಟ ಬರುವುದಿಲ್ಲ. ನಾರ್ವೆಯವರ ಜೊತೆ ಹೊಂದಿಕೊಳ್ಳಲು ಸುಲಭದ ದಾರಿ ಜೊತೆಗೆ ಕೆಲಸ ಮಾಡುವುದು. ಹರಟೆ ಆಮೇಲೆ ತಾನಾಗಿ ಬರುತ್ತದೆ.

ಮಳೆ ಮಾತ್ರ ಇರುತ್ತದೆ. ಬರ್ಗೆನ್ ಯುರೋಪಿನಲ್ಲೇ ಹೆಸರುವಾಸಿಯಾದ ಮಳೆಯೂರು. ಲೋಫ್ಟ್‌ಹೂಸ್ ಒಳನಾಡಿನ ಕಡೆ ಇರುವುದರಿಂದ ಅಷ್ಟಿಲ್ಲ. ಆದರೂ ಛತ್ರಿ ನಂಬಬೇಡಿ, ಗಾಳಿಗೆ ತಿರುಗಿಬೀಳುತ್ತದೆ. ಟೋಪಿ ಇರುವ ಒಳ್ಳೆಯ ಮಳೆ ಜಾಕೆಟ್ ಬೇಕು. ಒಳಗೆ ಉಣ್ಣೆಯದು ಹಾಕಿ, ಹತ್ತಿ ಬೇಡ. ಹತ್ತಿ ಒಮ್ಮೆ ನೆನೆದರೆ ಒಣಗುವುದೇ ಇಲ್ಲ. ಮಳೆ ಬೂಟು ಇಲ್ಲಿಂದ ಹೊರಬೇಡಿ. ತೋಟದ ಮನೆಯಲ್ಲಿ ಒಂದು ಸಾಲು ಬೂಟು ಇದ್ದೇ ಇರುತ್ತದೆ. ನಿಮ್ಮಿಬ್ಬರ ಕಾಲಿನ ಅಳತೆ ಮೊದಲೇ ಮಗಳಿಂದ ಹೇಳಿಸಿ. ಹಾಸಿಗೆ ಬಟ್ಟೆ, ಟವೆಲ್ ತರಬೇಕಾ ಅಂತಲೂ ಕೇಳಿಸಿ. ಕೆಲವು ಮನೆಗಳಲ್ಲಿ ಅತಿಥಿಗಳೇ ತರುವುದು ರೂಢಿ, ಅದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ.

ಇನ್ನು, ನೀವು ಹೋಗುತ್ತಿರುವ ಜಾಗ ಎಂಥದ್ದು ಅಂತ ಸ್ವಲ್ಪ ತಿಳಿದಿರಲಿ. ಹಿಮನದಿ ಸಾವಿರಾರು ವರ್ಷ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದದ್ದು ಫ್ಯೋರ್ಡ್. ಹಾರ್ಡಾಂಗರ್ ಸುಮಾರು 179 ಕಿಲೋಮೀಟರ್ ಉದ್ದ, ನಾರ್ವೆಯಲ್ಲಿ ಇದಕ್ಕಿಂತ ಉದ್ದದ್ದು ಸೋಗ್ನೆ ಫ್ಯೋರ್ಡ್ ಒಂದೇ. ಲೋಫ್ಟ್‌ಹೂಸ್ ಇರುವುದು ಇದರ ಒಂದು ಕವಲಾದ ಸೋರ್ ಫ್ಯೋರ್ಡ್ ದಂಡೆಯಲ್ಲಿ, 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಷ್ಟು ಉತ್ತರದಲ್ಲಿ ಸೇಬು ಬೆಳೆಯುವುದೇ ವಿಚಿತ್ರ ಅಲ್ವಾ? ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದಿಂದಾಗಿ ಫ್ಯೋರ್ಡಿನ ನೀರು ಚಳಿಗಾಲದಲ್ಲೂ ಗಾಳಿಯನ್ನು ತೀರಾ ಕೊರೆಯಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಹಗಲು ಬಹಳ ಉದ್ದ. ಇಳಿಜಾರು ಬಿಸಿಲಿಗೆ ಮುಖ ಮಾಡಿರುತ್ತದೆ, ನೀರೂ ಬೆಳಕನ್ನು ಮೇಲೆ ಎರಚುತ್ತದೆ. ಬರ್ಗೆನ್ ಹತ್ತಿರದ ಲೀಸೆ ಮಠದ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ಮಧ್ಯಯುಗದಲ್ಲಿ ಇಲ್ಲಿ ಹಣ್ಣಿನ ಕೃಷಿ ಶುರುಮಾಡಿದರು ಎಂದು ಊರಿನವರು ಹೇಳುತ್ತಾರೆ. ಆ ಮಠ ಕಟ್ಟಿದ್ದು 1146ರಲ್ಲಿ. ಊರಿನ ಹಿಂದೆ ಬೆಟ್ಟ ಹತ್ತಲು ಅವರು ಹಾಕಿದರೆಂಬ ಕಲ್ಲಿನ ಮೆಟ್ಟಿಲುಗಳು ಈಗಲೂ ಇವೆ. 616 ಮೆಟ್ಟಿಲು. ಯಜಮಾನರಿಗೆ ಆ ಕಡೆ ತೋರಿಸಲೇಬೇಡಿ.

ಕ್ರೂಸ್ ಹಡಗಿನಲ್ಲಿ ಹೋಗಿ ಬಂದವರು "ಬಂಡೆಯ ಮೇಲೆ ನೇತಾಡುವ ತೋಟ ನೋಡಿದೆವು" ಅಂದಿರಬಹುದು. ಅದು ಬೇರೆ ಕಡೆ, ಗೈರಾಂಗರ್ ಫ್ಯೋರ್ಡಿನಲ್ಲಿ. ಅಲ್ಲಿನ ಸ್ಕಾಗೆಫ್ಲೋ ತೋಟವನ್ನು 1918ರಲ್ಲೇ ಬಿಟ್ಟು ಇಳಿದರು. ತಲೆಯ ಮೇಲೆ ಚಾಚಿದ ಬಂಡೆಗೆ ಹೆದರಿ ಎದುರಿನ ಕ್ನಿವ್ಸ್‌ಫ್ಲೋವನ್ನು ಅದಕ್ಕೂ ಮೊದಲೇ ಬಿಟ್ಟಿದ್ದರು. ಅವು ನೋಡುವ ಜಾಗಗಳು. ನೀವು ಹೋಗುತ್ತಿರುವುದು ಜನ ಬಾಳುತ್ತಿರುವ ಮನೆಗೆ.

ಬಾಳುತ್ತಿರುವ ಅಂದೆನಲ್ಲ, ಅದಕ್ಕೆ ಹಿಂದೆ ಒಂದು ಕಾನೂನಿದೆ. ಓಡೆಲ್ ಹಕ್ಕು ಅಂತಾರೆ. ಒಂದು ಅಳತೆಗಿಂತ ದೊಡ್ಡದಾದ ಜಮೀನು, ಈಗ 35 ಡೆಕಾರ್, ಅಂದರೆ ನಮ್ಮ ಲೆಕ್ಕದಲ್ಲಿ ಎಂಟೂವರೆ ಎಕರೆಗಿಂತ ಸ್ವಲ್ಪ ಜಾಸ್ತಿ ಸಾಗುವಳಿ ಭೂಮಿ ಇದ್ದರೆ, ಅದು ಇಡಿಯಾಗಿ ಒಬ್ಬ ಮಗುವಿಗೆ ಹೋಗುತ್ತದೆ. ಪಾಲು ಮಾಡಿ ತುಂಡು ಮಾಡುವಂತಿಲ್ಲ. ಮೊದಲ ಹಕ್ಕು ಹಿರಿಯ ಮಗುವಿನದು. ಮೊದಲು ಗಂಡುಮಕ್ಕಳಿಗೇ ಆದ್ಯತೆ ಇತ್ತು. 1974ರ ಕಾನೂನು ಬಂದ ಮೇಲೆ, 1965ರಿಂದ ಈಚೆಗೆ ಹುಟ್ಟಿದವರಲ್ಲಿ ಹೆಣ್ಣು-ಗಂಡು ಭೇದ ಇಲ್ಲ. ಹೊರಗಿನವರಿಗೆ ಮಾರಿದರೆ ಮನೆಯವರು ನಿಗದಿತ ಅವಧಿಯೊಳಗೆ ದುಡ್ಡು ಕಟ್ಟಿ ವಾಪಸ್ ತೆಗೆದುಕೊಳ್ಳಬಹುದು. ಈ ಹಕ್ಕನ್ನು ರದ್ದು ಮಾಡುವಂತಿಲ್ಲ ಅಂತ 1814ರ ಸಂವಿಧಾನದಲ್ಲೇ ಬರೆದಿದ್ದಾರೆ, ಈಗಲೂ ಇದೆ. ಆದರೆ ಹಕ್ಕಿನಿಂದ ಪಡೆದವರು ಐದು ವರ್ಷ ಅಲ್ಲೇ ವಾಸ ಮಾಡಿ ಸಾಗುವಳಿ ನೋಡಿಕೊಳ್ಳಬೇಕು. ಊರಲ್ಲಿ ಜಮೀನು, ಪಟ್ಟಣದಲ್ಲಿ ವಾಸ ಅನ್ನುವ ಆಟ ನಡೆಯುವುದಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಾವು ಯಾರ ತೋಟಕ್ಕೆ ಹೋದರೂ ಕೇಳುವ ಮೊದಲ ಎರಡು ಪ್ರಶ್ನೆ "ಎಷ್ಟು ಎಕರೆ?" ಮತ್ತು "ಎಕರೆಗೆ ಎಷ್ಟು ನಡೀತಿದೆ?" ಮೊದಲನೆಯದು ಕೇಳಿ, ಖುಷಿಯಿಂದ ಹೇಳುತ್ತಾರೆ. ಎರಡನೆಯದು ಬೇಡ. ಅಲ್ಲಿ ಕೃಷಿ ಭೂಮಿಯ ಬೆಲೆಗೂ ಸರ್ಕಾರದ ಹಿಡಿತ ಇದೆ. ಅಷ್ಟೇ ಅಲ್ಲ, ಮುಂದೆ ಯಾರು ತೋಟ ನೋಡಿಕೊಳ್ಳುತ್ತಾರೆ ಅನ್ನುವುದು ಆ ಮನೆಯೊಳಗೇ ಇನ್ನೂ ಇತ್ಯರ್ಥ ಆಗದ ಮಾತಾಗಿರಬಹುದು. ಗೆಳತಿ ಬರ್ಗೆನ್‌ನಲ್ಲಿ ಕೆಲಸದಲ್ಲಿದ್ದಾಳೆ ಅಂದಿರಿ. ಅವಳೇ ಹಿರಿಯವಳಾದರೆ ಊಟದ ಮೇಜಿನಲ್ಲಿ ಆ ಪ್ರಶ್ನೆ ಮುಳ್ಳಾದೀತು.

ಇನ್ನೊಂದು ವಿಷಯ ಗಮನಿಸಿ. ಇಂಥ ಅಂಗಳದಲ್ಲಿ ಸಾಮಾನ್ಯವಾಗಿ ಎರಡು ಮನೆ ಇರುತ್ತವೆ. ದೊಡ್ಡದರಲ್ಲಿ ತೋಟ ನಡೆಸುವವರು. ತೋಟ ಬಿಟ್ಟುಕೊಟ್ಟ ಹಿರಿಯರಿಗೆ ಪಕ್ಕದಲ್ಲೇ ಒಂದು ಚಿಕ್ಕ ಮನೆ. ಎರಡು ಅಡುಗೆಮನೆ, ಎರಡು ಬಾಗಿಲು. ಅಜ್ಜ-ಅಜ್ಜಿ ಇದ್ದರೆ ಅವರನ್ನು ನೋಡಲು ಹೋಗುವ ಮೊದಲು ಹೇಳಿ ಹೋಗಿ. ಇಪ್ಪತ್ತು ಹೆಜ್ಜೆ ದೂರ ಇದ್ದರೂ ಅದು ಬೇರೆ ಮನೆ. ಎಲ್ಲ ಕಡೆಯೂ ಚಪ್ಪಲಿ-ಬೂಟು ಬಾಗಿಲಲ್ಲೇ, ಅದು ನಿಮಗೆ ಹೇಳಿಕೊಡಬೇಕಾಗಿಲ್ಲ. ದಪ್ಪ ಕಾಲುಚೀಲ ಮಾತ್ರ ಇಟ್ಟುಕೊಳ್ಳಿ. ಸಮಯ ಹೇಳಿದರೆ ಅದೇ ಸಮಯ. ಐದು ಗಂಟೆ ಅಂದರೆ ಐದು.

ಊಟದ ವಿಷಯಕ್ಕೆ ಬರೋಣ, ನಿಮ್ಮ ನಿಜವಾದ ಚಿಂತೆ ಅದೇ ಇರಬೇಕು.

ಮೊಟ್ಟೆ ಇಲ್ಲ, ಮೀನು ಇಲ್ಲ ಅಂತ ಬಿಡಿಸಿ ಹೇಳಿಸಿ. "ಸಸ್ಯಾಹಾರಿ" ಅಂತಷ್ಟೇ ಅಂದರೆ ಮೊಟ್ಟೆ ತಿನ್ನುತ್ತಾರೆ ಅಂತಲೇ ಅಂದುಕೊಳ್ಳುತ್ತಾರೆ. ಅವರು ಪ್ರೀತಿಯಿಂದ ಮಾಡುವ ಹೃದಯದಾಕಾರದ ವಾಫಲ್‌ನಲ್ಲಿ ಮೊಟ್ಟೆ ಇರುತ್ತದೆ. ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್, ಬ್ರೆಡ್ಡು, ಬೆಣ್ಣೆ, ಜಾಮು, ಇವು ಧಾರಾಳ. ಹುಳಿ ಕೆನೆಯಲ್ಲಿ ಮಾಡುವ ರೊಮ್ಮೆಗ್ರೋತ್ ಅನ್ನುವ ಗಂಜಿ ನಿಮಗೆ ಹಿಡಿಸುತ್ತದೆ, ಮೇಲೆ ಸಕ್ಕರೆ-ದಾಲ್ಚಿನ್ನಿ ಉದುರಿಸುತ್ತಾರೆ. ಅದರ ಜೊತೆ ಒಣಮಾಂಸ ಇಡುವುದು ಪದ್ಧತಿ, ಬೇರೆ ತಟ್ಟೆಯಲ್ಲಿ ಬರುತ್ತದೆ. ಚೀಸ್ ಬಗ್ಗೆ ಕಟ್ಟುನಿಟ್ಟಾಗಿದ್ದರೆ ಒಂದು ಮಾತು. ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ಬಂದದ್ದಿರಬಹುದು. ಕೇಳಿ ತಿನ್ನಿ. ಕಂದು ಬಣ್ಣದ ಸಿಹಿ ಚೀಸು, ಬ್ರುನೋಸ್ತ್, ಚೀಸ್ ಮಾಡಿದ ಮೇಲೆ ಉಳಿದ ನೀರನ್ನೇ ಕೆನೆ ಹಾಕಿ ಗಂಟೆಗಟ್ಟಲೆ ಕುದಿಸಿ ಮಾಡುವಂಥದ್ದು. ಆದ್ದರಿಂದ ಆ ಪ್ರಶ್ನೆ ಅದಕ್ಕೂ ಅನ್ವಯಿಸುತ್ತದೆ.

ಹಾರ್ಡಾಂಗರ್‌ನದೇ ಆದ ಒಂದು ತಿಂಡಿ ಮಾತ್ರ ಬಿಡಬೇಡಿ. ಕ್ರೋತೆಕಾಕೆ ಅಂತ. ಗೀರು ಗೀರಾದ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ, ದೊಡ್ಡ ಹಂಚಿನ ಮೇಲೆ ಬೇಯಿಸಿ, ಒಣಗಿಸಿ ಪೇರಿಸಿಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಖಡಕ್ ರೊಟ್ಟಿಯ ಹಾಗೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಕೆಂದಾಗ ನಲ್ಲಿಯ ಕೆಳಗೆ ಹಿಡಿದು ಎರಡೂ ಕಡೆ ಒದ್ದೆ ಮಾಡಿ, ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತದೆ. ಆಮೇಲೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಮಡಚಿ ಕತ್ತರಿಸುತ್ತಾರೆ. ಅಜ್ಜಿ ಇದ್ದರೆ "ನಾನೂ ಲಟ್ಟಿಸಲಾ?" ಅಂತ ಕೇಳಿ ನೋಡಿ. ದಾವಣಗೆರೆಯವರ ಕೈಗೆ ಅದೇನು ಹೊಸದಲ್ಲ.

ಹೊತ್ತಿನದೇ ತೊಂದರೆ. ಬಿಸಿ ಊಟ ದಿನಕ್ಕೆ ಒಂದೇ ಸಲ, ಸಂಜೆ ನಾಲ್ಕು-ಐದಕ್ಕೆ. ಮಧ್ಯಾಹ್ನ ಎರಡು ತುಂಡು ಬ್ರೆಡ್. ರಾತ್ರಿ ಮತ್ತೆ ಬ್ರೆಡ್. ಕೊಯ್ಲಿನ ಕಾಲದಲ್ಲಿ ಇನ್ನೂ ಚುಟುಕು. ಹುರಿದ ಅವಲಕ್ಕಿ, ಚಟ್ನಿಪುಡಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಸಂಕೋಚ ಬೇಡ. ಒಂದು ದಿನ ಅಡುಗೆ ನಿಮ್ಮದು ಅಂತ ಮೊದಲೇ ಒಪ್ಪಿಸಿ. ದಣಿದು ಬಂದವರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಶುಕ್ರವಾರ ಬೇಡ, ಅವತ್ತು ಬಹಳಷ್ಟು ಮನೆಗಳಲ್ಲಿ ಟಾಕೋ. ಹೌದು, ಮೆಕ್ಸಿಕೋದ ಟಾಕೋ. ನಾರ್ವೆಯವರ ಶುಕ್ರವಾರ ಅದಿಲ್ಲದೆ ಆಗುವುದಿಲ್ಲ. ನಿಮಗೂ ಬೀನ್ಸ್, ಜೋಳ, ಸೊಪ್ಪು ತುಂಬಿಕೊಂಡು ತಿನ್ನಲು ಅನುಕೂಲ. ಚಿತ್ರಾನ್ನ, ಬೇಳೆ ಸಾರು ಮಾಡಿ, ಖಾರ ಕಡಿಮೆ ಹಾಕಿ. ಒಗ್ಗರಣೆಗೆ ಮೊದಲು ಒಲೆ ಮೇಲಿನ ಹೊಗೆ ಫ್ಯಾನು ಹಾಕಿ, ಕಿಟಕಿ ತೆರೆಯಿರಿ. ಅಲ್ಲಿನ ಮನೆಗಳಲ್ಲಿ ಹೊಗೆ ಅಲಾರಾಂ ಕಡ್ಡಾಯ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಇಡೀ ಮನೆ ಕೂಗಿಕೊಳ್ಳುತ್ತದೆ.

ಊಟ ಮುಗಿದ ಮೇಲೆ ಅಡುಗೆ ಮಾಡಿದವರ ಕಡೆ ನೋಡಿ "ತಕ್ ಫೊರ್ ಮಾತೆನ್" ಅನ್ನಿ. ಮಕ್ಕಳೂ ತಪ್ಪದೆ ಹೇಳುವ ಮಾತು. ತಟ್ಟೆ ನೀವೇ ಎತ್ತಿಡಿ.

ಉಡುಗೊರೆಗೆ ಧಾರವಾಡ ಪೇಡ, ಮನೆಯ ತುಪ್ಪ ಅಂತ ಯೋಚಿಸಿದ್ದರೆ ಕೈಬಿಡಿ. ಭಾರತದಿಂದ ನಾರ್ವೆಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಗಿಡ, ಕಡ್ಡಿ, ಬೀಜ, ಮಣ್ಣಂತೂ ಬೇಡವೇ ಬೇಡ. ಸೇಬು-ಪೇರು ಗಿಡಗಳನ್ನು ಸುಟ್ಟಂತೆ ಒಣಗಿಸುವ ಒಂದು ಬ್ಯಾಕ್ಟೀರಿಯಾ ರೋಗ ಇದೆ. 1986ರಲ್ಲಿ ಅದು ನಾರ್ವೆಯಲ್ಲಿ ಮೊದಲು ಕಂಡಾಗಿನಿಂದ ಹಣ್ಣಿನ ಸೀಮೆಯವರು ಕಾವಲು ಬಿಟ್ಟಿಲ್ಲ. ಕೊಡಲು ನನ್ನ ಆಯ್ಕೆ ಎರಡು. ಚಿಕ್ಕಮಗಳೂರಿನ ಕಾಫಿ, ಚಿಕೋರಿ ಇಲ್ಲದ್ದು, ಪುಡಿ ಸ್ವಲ್ಪ ತರಿಯಾಗಿರಲಿ. ಅವರು ಕಾಗದದ ಫಿಲ್ಟರ್‌ನಲ್ಲಿ ಇಳಿಸುತ್ತಾರೆ, ದಿನವಿಡೀ ಕುಡಿಯುತ್ತಾರೆ. ಎರಡನೆಯದು ಸಕಲೇಶಪುರದ ಏಲಕ್ಕಿ. ನಾರ್ವೆಯ ಸಿಹಿ ಬನ್ನಿಗೆ ಏಲಕ್ಕಿ ಬೇಕೇ ಬೇಕು. ಚಿಕ್ಕ ಮಕ್ಕಳಿದ್ದರೆ ಚನ್ನಪಟ್ಟಣದ ಬೊಂಬೆ. ರೇಷ್ಮೆ ಸೀರೆ, ಬೆಳ್ಳಿ ಸಾಮಾನು ಬೇಡ, ಅವರಿಗೆ ಮುಜುಗರ ಆಗುತ್ತದೆ.

ದುಡ್ಡು? ಮನೆಯಲ್ಲಿ ಉಳಿದದ್ದಕ್ಕೆ ಕೊಡಲು ಹೋಗಬೇಡಿ, ಅವರು ಕರೆದ ಅತಿಥಿಗಳು ನೀವು. ಆದರೆ ತೋಟದ ಅಂಗಡಿಯಿಂದ ರಸ, ಜಾಮು ಕೊಂಡರೆ ಬೇಡ ಅಂದರೂ ದುಡ್ಡು ಕೊಡಿ, ಅದು ಅವರ ವ್ಯಾಪಾರ. ರಸ್ತೆ ಬದಿಯಲ್ಲಿ ಹಣ್ಣಿನ ಪೆಟ್ಟಿಗೆ ಇಟ್ಟಿರುತ್ತಾರೆ, ಮಾರುವವರು ಇರುವುದಿಲ್ಲ. ಬೆಲೆ, ಒಂದು ನಂಬರು ಬರೆದಿರುತ್ತದೆ. ವಿಪ್ಸ್ ಅನ್ನುವ ಫೋನ್ ಆ್ಯಪಿನಲ್ಲಿ ಕಟ್ಟಬೇಕು. ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕಾಗುವುದರಿಂದ ಮಗಳು ಕಟ್ಟಲಿ.

ರಸ ಅಂದಾಗ ನೆನಪಾಯಿತು. "ಸೀಡರ್" ಅಂತ ಕೊಟ್ಟರೆ ಅದು ಸೇಬಿನ ಮದ್ಯ. ಹಾರ್ಡಾಂಗರ್ ಸೀಡರ್‌ಗೆ 2009ರಿಂದ ಊರಿನ ಹೆಸರಿನ ರಕ್ಷಣೆ ಸಿಕ್ಕಿದೆ, ಅವರಿಗೆ ಅದರ ಹೆಮ್ಮೆ ಬಹಳ. ಬೇಡದಿದ್ದರೆ ಹುದುಗು ಬರಿಸದ ಸೇಬಿನ ರಸ ಕೇಳಿ, ನನ್ನ ನಾಲಿಗೆಗಂತೂ ಅದೇ ಮೇಲು. ಯಾರೇ ಕಾರು ಓಡಿಸುವುದಿದ್ದರೂ ಒಂದು ಲೋಟವೂ ಬೇಡ. ರಕ್ತದಲ್ಲಿ ಮದ್ಯದ ಮಿತಿ 0.2 ಪ್ರೊಮಿಲೆ, ಅಂದರೆ ಹೆಚ್ಚುಕಡಿಮೆ ಸೊನ್ನೆ.

ಕೊಯ್ಲಿಗೆ ಕೈ ಹಾಕುವ ಮೊದಲು ಹೇಗೆ ಅಂತ ಕೇಳಿ ತಿಳಿದುಕೊಳ್ಳಿ. ಸೇಬನ್ನು ಎಳೆಯಬಾರದು. ಅಂಗೈಯಲ್ಲಿ ತುಂಬಿಕೊಂಡು, ಮೇಲಕ್ಕೆತ್ತಿ ಸ್ವಲ್ಪ ತಿರುವಿದರೆ ತೊಟ್ಟಿನ ಸಮೇತ ಬಿಡಿಸಿಕೊಂಡು ಬರುತ್ತದೆ. ಎಳೆದರೆ ಪಕ್ಕದಲ್ಲಿರುವ ಮೊಗ್ಗು ಮುರಿಯುತ್ತದೆ, ಅದು ಮುಂದಿನ ವರ್ಷದ ಹಣ್ಣು. ಬೆರಳ ತುದಿಯಿಂದ ಒತ್ತಿದರೆ ಆಗ ಏನೂ ಕಾಣುವುದಿಲ್ಲ, ಎರಡು ದಿನ ಬಿಟ್ಟು ಅಲ್ಲೇ ಕಂದು ಗುರುತು ಮೂಡುತ್ತದೆ. ಆ ಹಣ್ಣು ಅಂಗಡಿಗೆ ಹೋಗುವುದಿಲ್ಲ, ರಸಕ್ಕೆ ಹೋಗುತ್ತದೆ, ಬೆಲೆ ಕಡಿಮೆ. ಎತ್ತಿ ಹಾಕಬೇಡಿ, ಇಡಿ. ಬಣ್ಣ ಬಂದದ್ದು ಮಾತ್ರ ಕೀಳಬೇಕು. ಉಳಿದದ್ದಕ್ಕೆ ಮುಂದಿನ ಸುತ್ತು ಇದೆ. ಮಂಡಿ ನೋವಿನವರು ಇಳಿಜಾರಿನಲ್ಲಿ ಹತ್ತಿಳಿಯುವ ಸಾಹಸ ಮಾಡದೆ, ಕೊಟ್ಟಿಗೆಯಲ್ಲಿ ಕೂತು ಹಣ್ಣು ವಿಂಗಡಿಸಲಿ. ಆ ಕೆಲಸಕ್ಕೆ ಜನ ಸಿಗುವುದೇ ಕಷ್ಟ.

ಓಡಾಟದ ಬಗ್ಗೆ ಒಂದು ಎಚ್ಚರಿಕೆ. ನಾರ್ವೆಯಲ್ಲಿ ಯಾರು ಎಲ್ಲಿ ಬೇಕಾದರೂ ನಡೆಯಬಹುದು ಅಂತ ಕೇಳಿರುತ್ತೀರಿ. 1957ರ ಕಾನೂನು ಆ ಹಕ್ಕು ಕೊಟ್ಟಿರುವುದು ಕಾಡು, ಬೆಟ್ಟ, ಪಾಳು ನೆಲಕ್ಕೆ. ಸಾಗುವಳಿ ಜಮೀನು, ತೋಟ, ಮನೆಯಂಗಳ ಅದರಲ್ಲಿ ಬರುವುದಿಲ್ಲ. ಪಕ್ಕದವರ ತೋಟಕ್ಕೆ ಫೋಟೋಕ್ಕಾಗಿ ಕಾಲಿಡಬೇಡಿ. ಹೂವಿನ ಕಾಲದಲ್ಲಿ ಪ್ರವಾಸಿಗಳು ಮಾಡುವ ಈ ಕೆಲಸಕ್ಕೆ ಊರಿನವರು ರೋಸಿಹೋಗಿದ್ದಾರೆ. ಕುರಿಗಳಿಗಾಗಿ ಹಾಕಿದ ಗೇಟು ತೆರೆದರೆ ಹಿಂದೆಯೇ ಮುಚ್ಚಿ.

ನಾಲ್ಕು ದಿನದಲ್ಲಿ ಒಂದು ದಿನ ಅವರನ್ನು ಅವರ ಪಾಡಿಗೆ ಬಿಟ್ಟು ನೀವು ಮೂವರೇ ಹೊರಗೆ ಹೋಗಿ. ಬೆಟ್ಟದ ಮೇಲೆ ನಾಲಿಗೆಯಂತೆ ಚಾಚಿದ ಬಂಡೆ ಟ್ರೋಲ್‌ತುಂಗಾದ ಹೆಸರು ಯಾರಾದರೂ ಎತ್ತಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಸಾಮಾನ್ಯ ದಾರಿಯಲ್ಲಿ ಹೋಗಿಬರಲು ಹತ್ತು-ಹನ್ನೆರಡು ತಾಸು ಬೆಟ್ಟ ಹತ್ತಬೇಕು. ಅದರ ಬದಲು ಲೋಫ್ಟ್‌ಹೂಸ್ ಹತ್ತಿರದ ಶಿನ್ಸಾರ್‌ವಿಕ್‌ನಿಂದ ದೋಣಿ ಹತ್ತಿ ಎದುರಿನ ಉಟ್ನೆಗೆ ಹೋಗಿ. ಕೂತೇ ಫ್ಯೋರ್ಡ್ ನೋಡಿದ ಹಾಗಾಯಿತು. ಉಟ್ನೆಯಲ್ಲಿ 1722ರಿಂದ ನಡೆಯುತ್ತಿರುವ ಹೋಟೆಲ್ ಇದೆ, ಹಾರ್ಡಾಂಗರ್ ಜನಪದ ವಸ್ತುಸಂಗ್ರಹಾಲಯ ಇದೆ. ಅಲ್ಲಿಂದ ದಂಡೆ ಹಿಡಿದು ಸ್ವಲ್ಪ ದಕ್ಷಿಣಕ್ಕೆ ಹೋದರೆ ಆಗಾತುನೆಟ್. ಹಲವು ಮನೆತನಗಳ ಮನೆ, ಕೊಟ್ಟಿಗೆ, ಕಣಜ ಒತ್ತೊತ್ತಾಗಿ ನಿಂತ ಹಳೆಯ ಕೇರಿ. ಅಲ್ಲಿನ ಒಂದು ಮರದ ಮನೆ 13ನೇ ಶತಮಾನದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಜಮೀನು ಮರುಹಂಚಿಕೆ ಆದಾಗ ಬಹಳ ಕಡೆ ಇಂಥ ಕೇರಿಗಳನ್ನು ಒಡೆದು ಮನೆಗಳನ್ನು ದೂರ ದೂರ ಕಟ್ಟಿಕೊಂಡರು. ಇದು ಉಳಿಯಿತು. ಸೆಪ್ಟೆಂಬರ್ ಕೊನೆಗೆ ಇಂಥ ಜಾಗಗಳ ಬಾಗಿಲು ತೆರೆಯುವ ವೇಳೆ ಕಡಿಮೆಯಾಗುತ್ತದೆ, ಮೊದಲೇ ಫೋನ್ ಮಾಡಿ ಕೇಳಿಸಿ.

ಬರ್ಗೆನ್‌ನಿಂದ ಕಾರಾದರೆ ಎರಡೂವರೆ-ಮೂರು ಗಂಟೆ. ದೋಣಿಯ ದಾರಿಯೂ ಇದೆ, 2013ರಲ್ಲಿ ಆದ ಹಾರ್ಡಾಂಗರ್ ತೂಗುಸೇತುವೆಯ ದಾರಿಯೂ ಇದೆ. ಯಜಮಾನರಿಗೆ ಹೆಚ್ಚು ಹೊತ್ತು ಕಾಲು ಮಡಚಿ ಕೂರಲು ಆಗದಿದ್ದರೆ ದೋಣಿಯ ದಾರಿಯೇ ಮೇಲು, ನಡುವೆ ಎದ್ದು ಓಡಾಡಬಹುದು. ಬಸ್ಸಿನಲ್ಲಿ ಹೋಗುವುದಾದರೆ ಎನ್‌ತೂರ್ ಅನ್ನುವ ಆ್ಯಪಿನಲ್ಲಿ ವೇಳೆ ನೋಡಿ. ಶನಿವಾರ-ಭಾನುವಾರ ಬಸ್ಸುಗಳು ಕಡಿಮೆ. ಭಾನುವಾರ ಅಂಗಡಿಗಳೂ ಹೆಚ್ಚಿನವು ಮುಚ್ಚಿರುತ್ತವೆ. ಚಿತ್ರಾನ್ನಕ್ಕೆ ಬೇಕಾದ ನಿಂಬೆಹಣ್ಣು, ಕಡಲೆಬೀಜ ಬರ್ಗೆನ್‌ನಲ್ಲೇ ತೆಗೆದುಕೊಂಡು ಹೊರಡಿ.